ಟಿವಿಯ ಬೆನ್ನಿಗೊಂದು ದೀಪ

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಹಡಿಯ ವನ್ ಬಿಎಚ್‌ಕೆ. ಮುಂಬಯಿ, ಠಾಣೆ ಕಡೆಯವರಿಗೆ ಇಷ್ಟು ಹೇಳಿದರೆ ಮನೆಯ ನಕ್ಷೆಯೇ ಕಣ್ಣ ಮುಂದೆ ಬರುತ್ತದೆ. ಊರಿನವರಿಗೆ ಮಾತ್ರ ಬಿಡಿಸಿ ಹೇಳಬೇಕು. ಒಂದು ಹಾಲ್, ಒಂದು ಮಲಗುವ ಕೋಣೆ, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬಾಗಿಲಲ್ಲೇ ನಿಲ್ಲಬೇಕಾದ ಅಡುಗೆಮನೆ. ಹಾಲ್‌ನಲ್ಲೇ ಟಿವಿ, ಹಾಲ್‌ನಲ್ಲೇ ಅಪ್ಪಯ್ಯ ಮಲಗುವ ಸೋಫಾ ಕಮ್ ಬೆಡ್, ಹಾಲ್‌ನ ಮೂಲೆಯಲ್ಲೇ ನನ್ನ ಆಫೀಸು.

ನನ್ನ ಕಂಪನಿ ಇರುವುದು ಐರೋಲಿಯಲ್ಲಿ. ವಾರಕ್ಕೆರಡು ದಿನ ಲೋಕಲ್ ಹಿಡಿದು ಠಾಣೆಯಲ್ಲಿಳಿದು, ಟ್ರಾನ್ಸ್ ಹಾರ್ಬರ್ ಗಾಡಿಗೆ ಬದಲಾಯಿಸಿ ಹೋಗುತ್ತೇನೆ. ಉಳಿದ ಮೂರು ದಿನ ಮನೆಯಿಂದಲೇ ಕೆಲಸ. ಗ್ರಾಹಕರು ಅಮೆರಿಕದವರು. ಅವರಿಗೆ ಬೆಳಗಾದಾಗ ನಮಗೆ ಸಂಜೆ. ಆರೂವರೆಗೆ ಕೂತರೆ ಏಳುವುದು ರಾತ್ರಿ ಮೂರಕ್ಕೆ.

ಆಯಿ ತೀರಿಹೋದ ಮೇಲೆ ಅಪ್ಪಯ್ಯನನ್ನು ಕುಮಟಾದಿಂದ ಇಲ್ಲಿಗೆ ಕರೆದುಕೊಂಡು ಬಂದೆ. (ಇಲ್ಲಿನ ಮರಾಠಿ ಮಕ್ಕಳೂ ಅಮ್ಮನನ್ನು ಆಯಿ ಎಂದೇ ಕರೆಯುತ್ತಾರೆ. ಪಕ್ಕದ ಮನೆಯ ಹುಡುಗ ‘ಆಯೀ’ ಎಂದು ಕೂಗಿದಾಗ ಮೊದಮೊದಲು ಅಪ್ಪಯ್ಯ ತಲೆಯೆತ್ತಿ ನೋಡುತ್ತಿದ್ದರು.) ಅವರು ಒಂಬತ್ತೂವರೆಗೆ ಮಲಗುವವರು. ಅವರು ಮಗ್ಗುಲಾದ ಕೂಡಲೇ ನಾನು ಟ್ಯೂಬ್‌ಲೈಟ್ ಆರಿಸಿ, ಬರೀ ಮಾನಿಟರಿನ ಬೆಳಕಿನಲ್ಲಿ ಕೆಲಸ ಮಾಡುತ್ತಿದ್ದೆ. ಕಪ್ಪು ಕೋಣೆಯ ನಡುವೆ ಬೆಳ್ಳಗೆ ಉರಿಯುವ ಎಕ್ಸೆಲ್ ಹಾಳೆ. ಹನ್ನೊಂದರ ಹೊತ್ತಿಗೆ ಹುಬ್ಬಿನ ನಡುವೆ ನೋವು ಶುರುವಾದರೆ ಮಲಗುವವರೆಗೂ ಬಿಡುತ್ತಿರಲಿಲ್ಲ. ಅದನ್ನು ಶಿಫ್ಟ್ ಕೆಲಸದ ಜೊತೆಗೇ ಬರುವ ಸಂಬಳ ಎಂದುಕೊಂಡಿದ್ದೆ.

ಒಂದು ರಾತ್ರಿ ನಾಲ್ಕೂವರೆಗೆ ನೀರು ಕುಡಿಯಲು ಎದ್ದು ಬಂದೆ. ಅಪ್ಪಯ್ಯ ಕತ್ತಲಲ್ಲಿ ಕೂತು ಟಿವಿ ನೋಡುತ್ತಿದ್ದರು. ಧ್ವನಿ ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ. ಯೂಟ್ಯೂಬಿನಲ್ಲಿ ಕೆರೆಮನೆ ಶಂಭು ಹೆಗಡೆಯವರ ಹಳೆಯ ಆಟ. ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಗದ್ದೆಯ ಬಿಸಿಲಿನಲ್ಲಿ ದೂರದವರನ್ನು ನೋಡುವ ಹಾಗೆ ನೋಡುತ್ತಿದ್ದರು.

‘ಲೈಟ್ ಹಾಕಿಕೊಳ್ಳಬಾರದಾ?’ ಅಂದೆ.

‘ಹಾಕಿದ್ರೆ ಕಿಂಡಿಯಿಂದ ನಿಮ್ಮ ಮುಖಕ್ಕೇ ಬೀಳ್ತದಲ್ಲ. ಆಗ್ ಮಲಗಿದವ ನೀನು,’ ಅಂದರು.

ನಮ್ಮ ಬೆಡ್‌ರೂಮಿನ ಬಾಗಿಲ ಮೇಲೊಂದು ಗಾಜಿನ ಕಿಂಡಿ ಇರುವುದು ನಿಜ. ಅವರ ನಿದ್ದೆಗಾಗಿ ನಾನು ಕತ್ತಲಲ್ಲಿ, ನಮ್ಮ ನಿದ್ದೆಗಾಗಿ ಅವರು ಕತ್ತಲಲ್ಲಿ. ಹೀಗೆ ಎರಡು ವರ್ಷ ನಡೆದಿತ್ತು. ಅವರಿಗೆ ಎರಡೂ ಕಣ್ಣಿನ ಪೊರೆಯ ಆಪರೇಷನ್ ಆಗಿದೆ ಎಂಬುದು ಆ ಹೊತ್ತಿಗೆ ಸರಿಯಾಗಿ ಎದೆಗೆ ನಾಟಿತು. ಮುಂದಿನ ತಪಾಸಣೆಗೆ ಹೋದಾಗ ಕಣ್ಣಿನ ಡಾಕ್ಟರಲ್ಲಿ ಕೇಳಿದೆ. ಕಣ್ಣಿಗೇನೂ ಹಾನಿಯಾಗಿಲ್ಲ, ಆದರೆ ಕತ್ತಲೆಯಲ್ಲಿ ಟಿವಿ ನೋಡಿ ಕಣ್ಣು ಯಾಕೆ ದಣಿಸುತ್ತೀರಿ, ಒಂದು ದೀಪ ಹಾಕಿಕೊಳ್ಳಿ ಅಂದರು. ಯಾವ ದೀಪ, ಎಲ್ಲಿ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅಷ್ಟರಲ್ಲಿ ಟಿವಿಯೇ ಕೈಕೊಟ್ಟಿತು.

ಜೂನ್ ತಿಂಗಳು, ಮಳೆ ಹಿಡಿದಿತ್ತು. ಮಾತು ಕೇಳುತ್ತದೆ, ಚಿತ್ರ ಇಲ್ಲ. ಐದು ವರ್ಷದ ನಲವತ್ಮೂರು ಇಂಚಿನ ಸೆಟ್ಟು. ಹೆಂಡತಿ ಆಗಲೇ ಮೊಬೈಲಿನಲ್ಲಿ ಹೊಸ ಟಿವಿಯ ಕಂತಿನ ಲೆಕ್ಕ ನೋಡತೊಡಗಿದ್ದಳು. ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯ ಕಾಕಾ ಮನೆಗೆ ಬಂದರು. ಹಾಲ್‌ನ ದೀಪ ಆರಿಸಿ, ಟಿವಿ ಹಚ್ಚಿ, ಮೊಬೈಲ್ ಟಾರ್ಚನ್ನು ಪರದೆಗೆ ತೀರಾ ಹತ್ತಿರ ಓರೆಯಾಗಿ ಹಿಡಿದರು. ಟಾರ್ಚ್ ಬಿದ್ದ ಅಂಗೈಯಗಲ ಜಾಗದಲ್ಲಿ, ಮಂಜಿನಾಚೆಗೆ ಕಂಡ ಹಾಗೆ, ವಾರ್ತೆ ಓದುವಾಕೆಯ ಮುಖ ಮಸುಕಾಗಿ ಕಂಡಿತು. ‘ಚಿತ್ರ ಇದೆ ಸಾಹೇಬ್, ಹಿಂದಿನ ದೀಪ ಹೋಗಿದೆ,’ ಅಂದರು.

ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಅದೊಂದು ಕೋಟಿಗಟ್ಟಲೆ ಸಣ್ಣ ಕಿಟಕಿಗಳ ಗೋಡೆ ಎಂದುಕೊಳ್ಳಿ. ಕಿಟಕಿಗಳು ತೆರೆದು ಮುಚ್ಚಿ ಚಿತ್ರ ಮಾಡುತ್ತವೆ, ಬೆಳಕು ಬರಬೇಕಾದದ್ದು ಹಿಂದಿನಿಂದ. ಆ ಕೆಲಸಕ್ಕೆ ಒಳಗೆ ಎಲ್‌ಇಡಿ ಪಟ್ಟಿಗಳಿರುತ್ತವೆ. ನಾವು ‘ಎಲ್‌ಇಡಿ ಟಿವಿ’ ಎಂದು ಕೊಂಡುಕೊಂಡದ್ದು ಈ ಹಿಂದಿನ ದೀಪದ ಹೆಸರಿನಲ್ಲಿ. ಪರದೆ ಅದೇ ಎಲ್‌ಸಿಡಿ. ನಮ್ಮ ಸೆಟ್ಟಿನಲ್ಲಿ ಅಂಥ ಮೂರು ಪಟ್ಟಿ. ದೀಪಾವಳಿಯ ಹಳೆಯ ಸೀರೀಸ್ ಸೆಟ್ಟಿನ ಹಾಗೆ ದೀಪಗಳೆಲ್ಲ ಒಂದರ ಹಿಂದೊಂದು ಪೋಣಿಸಿದವು. ಒಂದು ಸುಟ್ಟರೆ ಸಾಲೆಲ್ಲ ಕತ್ತಲೆ. ಕಾಕಾ ಅಂಗಡಿಗೊಯ್ದು ಮೂರೂ ಪಟ್ಟಿ ಬದಲಿಸಿ 2,800 ರೂಪಾಯಿ ತೆಗೆದುಕೊಂಡರು. ಒಂದೇ ಸುಟ್ಟದ್ದಾದರೂ ಉಳಿದವೂ ಅದೇ ವಯಸ್ಸಿನವು, ಒಂದನ್ನೇ ಹಾಕಿದರೆ ಮುಂದಿನ ತಿಂಗಳು ಮತ್ತೆ ಬಿಚ್ಚಬೇಕು ಎಂಬುದು ಅವರ ಲೆಕ್ಕ. ತೆಗೆದ ಪಟ್ಟಿಗಳನ್ನು ತೋರಿಸಿದರು. ಬಿಳಿಯ ಬಣ್ಣ ದೀಪದ ಸುತ್ತ ಕಂದಿ ಹಳದಿಯಾಗಿತ್ತು.

ಆಮೇಲೆ ಅವರು ರಿಮೋಟ್ ಒತ್ತಿ ಸೆಟ್ಟಿಂಗ್ ತೆಗೆದು, ಏನೂ ಹೇಳದೆ ನನಗೆ ತೋರಿಸಿದರು. ಪಿಕ್ಚರ್ ಮೋಡ್: ವಿವಿಡ್. ಬ್ಯಾಕ್‌ಲೈಟ್: 100.

ಅಂಗಡಿಯಿಂದ ಬಂದಾಗಿನ ವಿವಿಡ್ ಅದು. ಝಗಮಗಿಸುವ ಷೋರೂಮಿನಲ್ಲಿ ಪಕ್ಕದ ಟಿವಿಗಿಂತ ಎದ್ದು ಕಾಣಬೇಕಲ್ಲ, ಅದಕ್ಕಾಗಿ ಮಾಡಿದ್ದು. ನೂರಕ್ಕೆ ಏರಿಸಿದ್ದು ಮಾತ್ರ ನಾನೇ. ನಮ್ಮ ಟ್ಯೂಬ್‌ಲೈಟ್ ಇರುವುದು ಟಿವಿಗೆ ಎದುರು ಗೋಡೆಯಲ್ಲಿ. ಸಂಜೆ ಅದನ್ನು ಹಾಕಿದರೆ ಪರದೆಯ ಮೇಲೊಂದು ಬಿಳಿ ಗೆರೆ, ಕಪ್ಪೆಲ್ಲ ಬೂದಿ. ಆ ಬೂದಿಯನ್ನು ಗೆಲ್ಲಲು ಹಿಂದಿನ ದೀಪ ಏರಿಸುವುದು. ಅದೇ ನೂರು ಬೆಳಗಿನ ಜಾವ ನಾಲ್ಕೂವರೆಯ ಕತ್ತಲಲ್ಲಿ ಪೊರೆ ತೆಗೆದ ಕಣ್ಣಿಗೆ ಬಡಿಯುತ್ತಿತ್ತು. ಟಿವಿಯೂ ಸುಟ್ಟಿತು, ಅಪ್ಪಯ್ಯನ ಕಣ್ಣೂ ಉರಿಯಿತು, ಕಾರಣ ಒಂದೇ. ದೀಪ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಇದಕ್ಕೆ ಹೆಸರಿದೆ. ಬಯಾಸ್ ಲೈಟಿಂಗ್. ಪರದೆಯ ಬೆನ್ನಿಗೆ, ಗೋಡೆಯ ಕಡೆಗೆ ಮುಖಮಾಡಿ ಒಂದು ಮಂದ ಬಿಳಿ ದೀಪ. ಅದು ನೋಡುವವನ ಕಣ್ಣಿಗೆ ನೇರ ಕಾಣಬಾರದು, ಪರದೆಯ ಮೇಲೂ ಬೀಳಬಾರದು. ಗೋಡೆಯನ್ನಷ್ಟೇ ಬೆಳಗಬೇಕು.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಘಟ್ಟದ ರಸ್ತೆ ನೆನಪಿಸಿಕೊಳ್ಳಿ. ರಾತ್ರಿ ಅರಬೈಲ್ ಘಟ್ಟ ಇಳಿಯುವಾಗ ಎದುರು ಬರುವ ಲಾರಿಯ ಹೆಡ್‌ಲೈಟು ಕಣ್ಣು ಕುಕ್ಕುತ್ತದೆ. ಅದೇ ಲಾರಿ ಅದೇ ಹೆಡ್‌ಲೈಟ್ ಹಾಕಿಕೊಂಡು ನಡುಮಧ್ಯಾಹ್ನ ಬಂದರೆ ‘ಲೈಟ್ ಆರಿಸಲು ಮರೆತಿದ್ದಾನೆ’ ಎಂದು ಸುಮ್ಮನಾಗುತ್ತೇವೆ. ದೀಪ ಬದಲಾಗಲಿಲ್ಲ, ಸುತ್ತಲಿನ ಬೆಳಕು ಬದಲಾಯಿತು. ಕತ್ತಲ ಕೋಣೆಯಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ನೋಡುತ್ತದೆ. ನಡುವೆ ಒಂದು ಚೌಕ ಮಾತ್ರ ಧಗಧಗ. ಅದೂ ಒಂದೇ ಸಮನಲ್ಲ. ರಾತ್ರಿಯ ದೃಶ್ಯ ಬಂದರೆ ಕತ್ತಲೆ, ಮರುಕ್ಷಣ ಸಾಬೂನಿನ ಜಾಹೀರಾತು ಬಂದರೆ ಹಗಲು. ಕಣ್ಣು ಹಿಗ್ಗಿ ಕುಗ್ಗಿ ಸೋಲುತ್ತದೆ. ಹಿಂದಿನ ಗೋಡೆಗೆ ಒಂದಿಷ್ಟು ಸ್ಥಿರ ಬೆಳಕು ಕೊಟ್ಟರೆ ಕಣ್ಣಿಗೆ ಒಂದು ನೆಲೆ ಸಿಗುತ್ತದೆ.

ಇದರ ಇನ್ನೊಂದು ಲಾಭ ನನಗೆ ಮೊದಲು ನಂಬಿಕೆಯಾಗಿರಲಿಲ್ಲ. ಪರದೆಯ ಕಪ್ಪು ಇನ್ನೂ ಕಪ್ಪಾಗಿ ಕಾಣುತ್ತದೆ. ಎಲ್‌ಸಿಡಿಯ ಕಿಟಕಿಗಳು ಎಷ್ಟು ಮುಚ್ಚಿದರೂ ಹಿಂದಿನ ಬೆಳಕು ಒಂದಿಷ್ಟು ಸೋರುವುದರಿಂದ ಕತ್ತಲ ಕೋಣೆಯಲ್ಲಿ ಕಪ್ಪು ಬೂದಿಯಂತೆ ಕಾಣುತ್ತದೆ. ಅದರ ಸುತ್ತ ಅದಕ್ಕಿಂತ ಬೆಳ್ಳಗಿನ ಗೋಡೆ ಇದ್ದರೆ ಅದೇ ಬೂದಿ ಕಪ್ಪೆನಿಸುತ್ತದೆ. ಹಳೆಯ ಬಿಳಿ ಪಂಚೆ ಹೊಸ ಪಂಚೆಯ ಪಕ್ಕ ಇಟ್ಟಾಗ ಮಾತ್ರ ಹಳದಿ ಕಂಡಂತೆ.

ಟಿವಿ ಕೇಂದ್ರಗಳು, ಸ್ಟುಡಿಯೋಗಳಿಗೆ ಇದು ಹೊಸತಲ್ಲ. ಚಿತ್ರದ ಗುಣಮಟ್ಟ ಪರೀಕ್ಷಿಸುವ ಕೋಣೆ ಹೇಗಿರಬೇಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೊಂದಿದೆ, ಬಿಟಿ 500 ಎಂದು. ಪ್ರಯೋಗಾಲಯದಲ್ಲಿ ಮಾನಿಟರಿನ ಹಿಂದಿನ ಹಿನ್ನೆಲೆಯ ಬೆಳಕು ಪರದೆಯ ಅತಿ ಹೆಚ್ಚಿನ ಬೆಳಕಿನ ಸುಮಾರು 0.15 ಪಾಲು ಇರಲಿ, ಬಣ್ಣ ಡಿ 65 ಇರಲಿ ಎನ್ನುತ್ತದೆ ಅದು. ಡಿ 65 ಅಂದರೆ ಸುಮಾರು 6500 ಕೆಲ್ವಿನ್‌ನ ಹಗಲಿನ ಬಿಳುಪು. ಟಿವಿ ಚಿತ್ರಗಳ ಬಿಳಿಯನ್ನೂ ಅದಕ್ಕೇ ಹೊಂದಿಸಿರುತ್ತಾರೆ. ಮನೆಮಂದಿಗೂ ಇದು ಹಳೆಯದೇ. 1950ರ ದಶಕದಲ್ಲಿ ಅಮೆರಿಕದ ಮನೆಗಳಲ್ಲಿ ಟಿವಿ ಪೆಟ್ಟಿಗೆಯ ತಲೆಯ ಮೇಲಿಡಲು ಪಿಂಗಾಣಿಯ ‘ಟಿವಿ ಲ್ಯಾಂಪ್’ಗಳು ಬಂದಿದ್ದವು. ಚಿರತೆಯ ಗೊಂಬೆ, ಅದರ ಬೆನ್ನ ಹಿಂದೆ ಬಲ್ಬು. ಫಿಲಿಪ್ಸ್ ಕಂಪನಿ 2004ರಲ್ಲಿ ಆಂಬಿಲೈಟ್ ಎಂದು ಟಿವಿಯ ಒಳಗೇ ದೀಪ ಕೂರಿಸಿ ಮಾರಿತು. ಅದು ಪರದೆಯ ಚಿತ್ರಕ್ಕೆ ತಕ್ಕಂತೆ ಗೋಡೆಯ ಮೇಲೆ ಬಣ್ಣವನ್ನೂ ಬದಲಿಸುತ್ತದೆ. ನಮ್ಮೂರಲ್ಲಿ ಬ್ಲ್ಯಾಕ್ ಅಂಡ್ ವೈಟ್ ಟಿವಿಯ ಕಾಲದಲ್ಲಿ ‘ಲೈಟ್ ಆರಿಸ್ಬೇಡ್ರೋ, ಕಣ್ಣು ಹಾಳಾಗ್ತದೆ’ ಎಂದು ಗದರುತ್ತಿದ್ದ ಅಜ್ಜಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವಳು ಹೇಳಿದ್ದು ಬಹುಪಾಲು ಸರಿಯೇ ಇತ್ತು. ಕಣ್ಣು ಹಾಳಾಗುವುದಿಲ್ಲ, ದಣಿಯುತ್ತದೆ.

ಇನ್ನು ನನ್ನ ಪ್ರಯೋಗಗಳಿಗೆ ಬರುತ್ತೇನೆ. ಮೊದಲನೆಯದು ಶುದ್ಧ ತಪ್ಪು.

ಆನ್‌ಲೈನಿನಲ್ಲಿ 350 ರೂಪಾಯಿಗೆ ಬಣ್ಣ ಬದಲಿಸುವ ಪಟ್ಟಿ ತರಿಸಿದೆ. ಟಿವಿಯ ಯುಎಸ್‌ಬಿಗೆ ಚುಚ್ಚುವುದು, ಪುಟ್ಟ ರಿಮೋಟು, ಬೇಕಾದ ಬಣ್ಣ. ಮಗಳು ಆ ದಿನವೇ ರಿಮೋಟನ್ನು ವಶಪಡಿಸಿಕೊಂಡು ಇಡೀ ಹಾಲನ್ನು ನೇರಳೆ ಮಾಡಿದಳು. ಅಪ್ಪಯ್ಯ ಬಂದು, ‘ಎಂತ ಮಾರಾಯ ಇದು, ಆರ್ಕೆಸ್ಟ್ರಾ ಉಂಟಾ?’ ಅಂದರು. ಬಿಳಿಗೆ ತಿರುಗಿಸಿದರೆ ಅದು ಬಿಳಿಯಲ್ಲ, ಕೆಂಪು ಹಸಿರು ನೀಲಿ ಮೂರನ್ನು ಬೆರೆಸಿದ ಒಂದು ನೀಲಿಮಿಶ್ರಿತ ಮಬ್ಬು. ಸಾಲದ್ದಕ್ಕೆ ನಮ್ಮ ಮನೆ ಮಾಲೀಕರು ಹಾಲ್‌ಗೆ ಹೊಡೆಸಿದ ಬಣ್ಣ ಗಿಳಿಹಸಿರು. ಆ ಗೋಡೆಗೆ ಬಡಿದು ಬಂದ ಬೆಳಕಿನಲ್ಲಿ ಟಿವಿಯೊಳಗಿನ ಮನುಷ್ಯರೆಲ್ಲ ಸ್ವಲ್ಪ ಗುಲಾಬಿಯಾಗಿ ಕಂಡರು. ಕಣ್ಣು ಸುತ್ತಲಿನ ಬಣ್ಣದ ವಿರುದ್ಧ ಬಣ್ಣವನ್ನು ನಡುವಿಗೆ ಹಚ್ಚುತ್ತದೆ. ಹಸಿರಿನ ನಡುವೆ ಗುಲಾಬಿ, ಹಳದಿ ದೀಪದ ನಡುವೆ ನೀಲಿ. ಹಿಂದಿನ ದೀಪ ಬಿಳಿಯೇ ಇರಬೇಕೆನ್ನುವುದು ಇದಕ್ಕೇ.

ಮೂರನೇ ದಿನದಿಂದ ಟಿವಿ ತಾನಾಗಿ ಆಫ್ ಆಗಿ ಆನ್ ಆಗತೊಡಗಿತು. ಕಾಕಾನನ್ನು ಮತ್ತೆ ಕರೆಯಬೇಕೇ ಎಂದುಕೊಂಡಾಗ ಪಟ್ಟಿಯ ಡಬ್ಬಿ ಕಣ್ಣಿಗೆ ಬಿತ್ತು. 5 ವೋಲ್ಟ್, 8 ವಾಟ್. ಸಾಧಾರಣ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದು 500 ಮಿಲಿ ಆಂಪಿಯರ್, ಅಂದರೆ ಎರಡೂವರೆ ವಾಟ್. ಮೂರು ಪಟ್ಟು ಎಳೆದರೆ ಪಾಪದ ಟಿವಿ ಏನು ಮಾಡೀತು? ಯುಎಸ್‌ಬಿ ಪಟ್ಟಿಯನ್ನೇ ಹಾಕುವವರು ಅದನ್ನು ಟಿವಿಗೆ ಚುಚ್ಚುವ ಬದಲು ಮನೆಯಲ್ಲಿ ಬಿದ್ದಿರುವ 2 ಆಂಪಿಯರ್‌ನ ಹಳೆಯ ಮೊಬೈಲ್ ಚಾರ್ಜರಿಗೆ ಹಾಕಿದರೆ ಸಾಕು, 10 ವಾಟ್ ಸಿಗುತ್ತದೆ. ನಾನು ಹಾಗೆ ಮಾಡುವಷ್ಟರಲ್ಲಿ ಮಳೆಗಾಲದ ತೇವಕ್ಕೆ ಅಂಟು ಬಿಟ್ಟು ಪಟ್ಟಿ ಸೋಫಾದ ಮೇಲೆ ಹಾವಿನಂತೆ ಇಳಿಬಿದ್ದಿತ್ತು. ಅದೀಗ ಮಗಳ ಪುಸ್ತಕದ ಕಪಾಟಿನಲ್ಲಿದೆ, ನೇರಳೆ ಬಣ್ಣದಲ್ಲಿ.

ಎರಡನೇ ಸಲ ರಜೆಯ ದಿನ ಲ್ಯಾಮಿಂಗ್ಟನ್ ರೋಡಿಗೇ ಹೋದೆ. ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿಳಿದರೆ ನಡೆದು ಹೋಗುವಷ್ಟು ದೂರ. ಕಾಗದದಲ್ಲಿ ಅದು ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ. ಎಲೆಕ್ಟ್ರಾನಿಕ್ ಸಾಮಾನಿಗೆ ಹೋಗುವವರ ಬಾಯಲ್ಲಿ ಮಾತ್ರ ಇವತ್ತಿಗೂ ಲ್ಯಾಮಿಂಗ್ಟನ್ನೇ. ಟಿವಿ ಹಿಂದೆ ಹಾಕಲು ಎಂದೊಡನೆ ಅಂಗಡಿಯವ ಬಣ್ಣದ್ದನ್ನೇ ಎತ್ತಿದ. ಬೇಡ, ಒಂದೇ ಬಣ್ಣದ ಬಿಳಿ, 6500 ಕೆಲ್ವಿನ್, ಮೀಟರಿಗೆ ಐದು ವಾಟಿನ ಒಳಗಿನದು ಎಂದೆ. ‘ಇಷ್ಟು ಕಡಿಮೆ ಬೆಳಕಿನದು ಯಾರೂ ಕೇಳುವುದಿಲ್ಲ’ ಎನ್ನುತ್ತಾ ಮೇಲಿನ ಹಲಗೆಯಿಂದ ಧೂಳು ಕೊಡವಿ ಇಳಿಸಿದ.

ಐದು ಮೀಟರಿನ 12 ವೋಲ್ಟ್ ರೀಲು 280 ರೂಪಾಯಿ. 12 ವೋಲ್ಟ್ 2 ಆಂಪಿಯರ್‌ನ ಅಡಾಪ್ಟರ್ ಎರಡು, ಒಟ್ಟು 360. ತಿರುಗಿಸುವ ಗುಂಡಿಯ ಡಿಮ್ಮರ್ ಒಂದು, 90. ಜಾಕ್‌ಗಳು 40. ಬರುವ ದಾರಿಯಲ್ಲಿ ಬಿಳಿ ಚಾರ್ಟ್ ಪೇಪರ್ ಮೂರು ಹಾಳೆ, 30. ಒಟ್ಟು 800 ರೂಪಾಯಿಯಲ್ಲಿ ಟಿವಿ, ಮಾನಿಟರ್ ಎರಡಕ್ಕೂ ಆಯಿತು. ಒಂದು ಕಾಲದಲ್ಲಿ ಎಲ್‌ಇಡಿ ಬಲ್ಬೆಂದರೆ ಶ್ರೀಮಂತರ ಸಾಮಾನಾಗಿತ್ತು. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿಯೇ ಈ ಬಿಳಿ ಪಟ್ಟಿ ಆಗುವುದು. ಮರುವರ್ಷ ಜನವರಿಯಲ್ಲಿ ನಮ್ಮಲ್ಲಿ ಉಜಾಲಾ ಯೋಜನೆ ಶುರುವಾಗಿ ಬಲ್ಬುಗಳ ದರ ಇಳಿಯಿತು. ನಾನು ಹಿಡಿದುಕೊಂಡು ಬಂದದ್ದು ಎರಡು ವಡಾಪಾವಿನ ತೂಕದ ಒಂದು ರೀಲು.

ಅಂಟಿಸುವ ಕೆಲಸ ಅರ್ಧ ಗಂಟೆಯದು. ಪಟ್ಟಿಯ ಮೇಲೆ ಮೂರು ದೀಪಕ್ಕೊಂದರಂತೆ ಕತ್ತರಿಯ ಗುರುತಿರುತ್ತದೆ, ಅಲ್ಲೇ ಕತ್ತರಿಸಬೇಕು. ನಲವತ್ಮೂರು ಇಂಚಿನ ಟಿವಿಗೆ ಮೇಲೆ ಮತ್ತು ಎರಡು ಬದಿ ಸೇರಿ ಹತ್ತಿರ ಹತ್ತಿರ ಎರಡು ಮೀಟರ್. ಕೆಳಗೆ ಬೇಡ. ಕೆಳಗೆ ಹಾಕಿದರೆ ಸ್ಟ್ಯಾಂಡಿನ ಮೇಲಿರುವ ಸೆಟ್‌ಟಾಪ್ ಬಾಕ್ಸಿನಿಂದ ದೇವರ ಪ್ರಸಾದದ ಡಬ್ಬಿಯವರೆಗೆ ಎಲ್ಲ ಹೊಳೆಯುತ್ತದೆ. ಅಂಚಿನಿಂದ ಎರಡಿಂಚು ಒಳಗೆ ಇಟ್ಟೆ, ಬದಿಯಿಂದ ಬಗ್ಗಿ ನೋಡಿದರೂ ದೀಪದ ಕಾಳು ಕಾಣಬಾರದು. ಈ ಸಲ ಅಂಟಿಸುವ ಮುಂಚೆ ಟಿವಿಯ ಬೆನ್ನನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದೆ, ಮೂಲೆಗಳಲ್ಲಿ ತಂತಿಯ ಕ್ಲಿಪ್ ಕೊಟ್ಟೆ. ಗಾಳಿಯಾಡುವ ಕಿಂಡಿಗಳ ಮೇಲೆ ಅಂಟಿಸಲಿಲ್ಲ. ಹಸಿರು ಗೋಡೆಗೆ ಚಾರ್ಟ್ ಪೇಪರ್. ‘ಶಾಲೆಯ ನೋಟಿಸ್ ಬೋರ್ಡಿನ ಹಾಗಿದೆ’ ಎಂದು ಹೆಂಡತಿ ಎರಡು ದಿನ ಮುಖ ಗಂಟಿಕ್ಕಿದ್ದಳು. ಬಾಡಿಗೆ ಮನೆಯಲ್ಲಿ ಇನ್ನೇನು ಮಾಡುವುದು, ಟಿವಿಯ ಹಿಂದೆ ಅಡಗುವಷ್ಟಕ್ಕೆ ಕತ್ತರಿಸಿ, ಹೊರಗೆ ಒಂದು ಗೇಣು ಮಾತ್ರ ಕಾಣುವಂತೆ ಬಿಟ್ಟೆ.

ಬೆಳಕು ಎಷ್ಟಿರಬೇಕು? ಪ್ರಯೋಗಾಲಯದ 0.15 ಅಳೆಯಲು ನಮ್ಮಲ್ಲಿ ಯಂತ್ರವಿಲ್ಲ. ಪೂರ್ತಿ ತಿರುಗಿಸಿದಾಗ ಟಿವಿಗಿಂತ ಗೋಡೆಯೇ ಮೊದಲು ಕಾಣುತ್ತಿತ್ತು. ಇಳಿಸುತ್ತಾ ಬಂದು, ಬೇಕೆಂದು ನೋಡಿದರೆ ಗೋಡೆ ಕಾಣಬೇಕು, ಆಟ ನೋಡುತ್ತಿದ್ದರೆ ಮರೆತುಹೋಗಬೇಕು, ಅಲ್ಲಿಗೆ ನಿಲ್ಲಿಸಿದೆ. ಅದು ಪೂರ್ತಿಯ ಮೂರನೇ ಒಂದು ಭಾಗವೂ ಇಲ್ಲ. ಒಂದು ಎಚ್ಚರಿಕೆ: ಅಗ್ಗದ ಡಿಮ್ಮರ್‌ಗಳು ದೀಪವನ್ನು ವೇಗವಾಗಿ ಹಚ್ಚಿ ಆರಿಸಿ ಮಂದ ಮಾಡುತ್ತವೆ. ಆ ಮಿಣುಕು ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಮೊಬೈಲ್ ಕ್ಯಾಮೆರಾವನ್ನು ದೀಪಕ್ಕೆ ಹಿಡಿದಾಗ ಪರದೆಯಲ್ಲಿ ಕಪ್ಪು ಪಟ್ಟೆಗಳು ಓಡಿದರೆ ಆ ಡಿಮ್ಮರ್ ಹಿಂತಿರುಗಿಸಿ. ನನ್ನ ಮಾನಿಟರಿಗೆ ಈ ರಗಳೆಯೇ ಬೇಡವೆಂದು ಡಿಮ್ಮರ್ ಇಲ್ಲದೆ ಅರ್ಧ ಮೀಟರ್ ಮಾತ್ರ ಅಂಟಿಸಿದೆ. ಬೆಳಕು ಕಡಿಮೆ ಬೇಕಾದರೆ ಪಟ್ಟಿಯನ್ನೇ ಕಡಿಮೆ ಮಾಡುವುದು. ಮಾನಿಟರನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಬೇಕಾಯಿತು. ತೀರಾ ಅಂಟಿಕೊಂಡಿದ್ದರೆ ಬೆಳಕು ಹರಡದೆ ಗೋಡೆಯ ಮೇಲೆ ಚುಕ್ಕಿ ಚುಕ್ಕಿ ಬೀಳುತ್ತದೆ.

ಕರೆಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆ ಅದೇ ಆಗಿತ್ತು. ಐದು ವಾಟ್, ದಿನಕ್ಕೆ ಐದು ಗಂಟೆ, ಮೂವತ್ತು ದಿನ: ಮುಕ್ಕಾಲು ಯೂನಿಟ್. ಎದುರು ಗೋಡೆಯ ಟ್ಯೂಬ್‌ಲೈಟ್ ಈಗ ಟಿವಿಯ ಹೊತ್ತಿನಲ್ಲಿ ಉರಿಯುವುದಿಲ್ಲ. ಪರದೆಯ ಮೇಲೆ ಯಾವ ಬೆಳಕೂ ಬೀಳದ್ದರಿಂದ ನೂರರಲ್ಲಿದ್ದ ಟಿವಿಯ ಒಳದೀಪವನ್ನು ನಲವತ್ತೈದಕ್ಕೆ ಇಳಿಸಿದ್ದೇವೆ, ಯಾರಿಗೂ ಮಂಕೆನಿಸಿಲ್ಲ. ಎಲ್‌ಇಡಿಯನ್ನು ಕೊಲ್ಲುವುದು ಅದರೊಳಗೆ ಹರಿಯುವ ಕರೆಂಟು ಮತ್ತು ಬಿಸಿ. ಹೊಸ ಪಟ್ಟಿಗಳು ಹಳೆಯವಕ್ಕಿಂತ ಹೆಚ್ಚು ಕಾಲ ಬಾಳಬೇಕು. ಕಾಕಾಗೆ ಇದನ್ನು ಹೇಳಿದಾಗ ‘ಹೀಗೆ ಎಲ್ಲರೂ ಮಾಡಿದರೆ ನನ್ನ ಅಂಗಡಿ ಮುಚ್ಚಬೇಕು’ ಎಂದು ನಕ್ಕರು.

ಬಣ್ಣ ಬದಲಿಸುವ ದೀಪಗಳ ಬಗ್ಗೆ ನನ್ನ ಅಭಿಪ್ರಾಯ ನೀವು ಊಹಿಸಿರಬಹುದು. ಕಲ್ಯಾಣದ ಒಬ್ಬ ಸಹೋದ್ಯೋಗಿ ಟಿವಿಯ ಮೇಲೆ ಸಣ್ಣ ಕ್ಯಾಮೆರಾ ಕೂರಿಸಿ, ಪರದೆಯ ಬಣ್ಣವೇ ಗೋಡೆಗೆ ಹರಿಯುವ ಸೆಟ್ ಹಾಕಿಸಿದ್ದಾನೆ. ಕ್ರಿಕೆಟ್ ನೋಡುವಾಗ ಗೋಡೆಯೆಲ್ಲ ಹಸಿರು. ನೋಡಲು ಮಜಾ ಇದೆ, ಒಪ್ಪುತ್ತೇನೆ. ಆದರೆ ಅದು ಹಬ್ಬದ ದೀಪ. ಕಣ್ಣಿಗೆ ನೆಲೆ ಬೇಕಾದಲ್ಲಿ ಕುಣಿಯುವ ಬೆಳಕು ಕೊಟ್ಟರೆ ಏನು ಬಂತು? ಘಣ್ಸೋಲಿಯಲ್ಲಿ ರೂಮು ಮಾಡಿಕೊಂಡಿರುವ ನಮ್ಮ ಟೀಮಿನ ಹುಡುಗನೊಬ್ಬ ಹತ್ತು ಪೈಸೆ ಖರ್ಚಿಲ್ಲದೆ ಕೆಲಸ ಮುಗಿಸಿದ. ಮನೆಯಲ್ಲಿದ್ದ ಟೇಬಲ್ ಲ್ಯಾಂಪಿಗೆ ಸಣ್ಣ ಬಿಳಿ ಬಲ್ಬು ಹಾಕಿ ಮಾನಿಟರಿನ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟ. ಎಂಟುನೂರು ಖರ್ಚು ಮಾಡಿದ ನನಗೆ ಹೊಟ್ಟೆ ಉರಿಯಿತು.

ಈ ದೀಪ ಔಷಧಿಯಲ್ಲ ಎಂಬುದನ್ನೂ ಹೇಳಬೇಕು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದೇ ಕಡಿಮೆ, ಕಣ್ಣು ಒಣಗುವುದು ಅದರಿಂದ. ಅದಕ್ಕೆ ಎದ್ದು ಹೋಗಿ ಗ್ಯಾಲರಿಯಿಂದ ದೂರದ ಕಟ್ಟಡ ನೋಡಿ ಬರುವುದೇ ಮದ್ದು. ಕನ್ನಡಕದ ನಂಬರು ಬದಲಾಗಿದ್ದರೆ ಯಾವ ಎಲ್‌ಇಡಿಯೂ ಸರಿಮಾಡದು. ಚೆನ್ನಾಗಿ ಬೆಳಕಿರುವ ಕೋಣೆಯಲ್ಲಿ ಹಗಲಿಗೆ ಇದರಿಂದ ಉಪಯೋಗವೂ ಇಲ್ಲ. ನನ್ನ ಹುಬ್ಬಿನ ನೋವು ಪೂರ್ತಿ ಹೋಯಿತೇ ಎಂದರೆ ಇಲ್ಲ. ಕೆಲಸ ಕೆಟ್ಟ ದಿನ ಈಗಲೂ ಬರುತ್ತದೆ. ಉಳಿದ ದಿನ ಬರುವುದಿಲ್ಲ. ಮೊದಲು ಪ್ರತಿದಿನ ಇತ್ತು.

ಹೊಸ ದೀಪದ ಮೊದಲ ಬೆಳಗಿನ ಜಾವ ನಾನು ಬೇಕೆಂದೇ ಎಚ್ಚರವಿದ್ದೆ. ಕಿಂಡಿಯ ಗಾಜಿನಲ್ಲಿ ಬೆಳಕು ಬಂದದ್ದೂ ಗೊತ್ತಾಗದಷ್ಟು ಮಂದವಿತ್ತು. ಹೊರಗೆ ಬಂದು ನೋಡಿದರೆ ಅಪ್ಪಯ್ಯನ ಕೈ ಹುಬ್ಬಿನ ಮೇಲಿರಲಿಲ್ಲ, ತೊಡೆಯ ಮೇಲಿತ್ತು, ತಾಳ ಹಾಕುತ್ತಿತ್ತು. ಭಾಗವತರ ಹಿಂದಿನ ಕಪ್ಪು ಪರದೆ ನಿಜವಾಗಿ ಕಪ್ಪಾಗಿತ್ತು.

‘ಮೊದಲೆಲ್ಲ ರಂಗಸ್ಥಳಕ್ಕೆ ಗ್ಯಾಸ್‌ಲೈಟ್ ಇಡ್ತಿದ್ರು,’ ಅಂದರು ಟಿವಿಯಿಂದ ಕಣ್ಣು ತೆಗೆಯದೆ. ‘ಎಲ್ಲಿಡಬೇಕು ಅಂತ ಗೊತ್ತಿದ್ದವನೇ ಇಡಬೇಕಿತ್ತು. ನೋಡುವವರ ಕಣ್ಣಿಗೆ ಹೊಡೆದ್ರೆ ಹಿಂದಿನಿಂದ ಬೈಗಳ ಬೀಳ್ತಿತ್ತು.’

ಕಳೆದ ತಿಂಗಳು ಚಿಕ್ಕಪ್ಪನ ಮೊಮ್ಮಗಳ ನಾಮಕರಣಕ್ಕೆಂದು ಅವರನ್ನು ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿಸಿದೆ. ಚೀಲ ಎತ್ತಿಕೊಡುವಾಗ ಪಂಚೆಗಳ ನಡುವೆ ರೀಲು ಕೈಗೆ ಸಿಕ್ಕಿತು. ಉಳಿದಿದ್ದ ಎರಡೂವರೆ ಮೀಟರ್. ಜೊತೆಗೆ ಸ್ಪಿರಿಟಿನ ಬಾಟಲಿ. ಅಡಾಪ್ಟರನ್ನು ಕುಮಟಾದಲ್ಲೇ ಕೊಳ್ಳುವುದಂತೆ. ನಾನು 12 ವೋಲ್ಟ್, 2 ಆಂಪಿಯರ್ ಎಂದು ಚೀಟಿ ಬರೆದುಕೊಟ್ಟೆ.

ನಾಲ್ಕನೇ ದಿನ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಫೋನು. ಗಾಬರಿಯಿಂದ ಎತ್ತಿದೆ. ಹಿಂದಿನಿಂದ ಚೆಂಡೆಯ ಸದ್ದು ಕೇಳುತ್ತಿತ್ತು.

‘ಹಾಕಿ ಆಯ್ತು,’ ಅಂದರು ಅಪ್ಪಯ್ಯ. ‘ಇಲ್ಲಿ ಗೋಡೆ ಬಿಳಿಯೇ. ಚಾರ್ಟು ಬೇಡ.’